ಓದುಗರ ಸ್ಪಂದನ: ಇರುವ ಮನೆಯಲ್ಲೇ ಇರಬೇಕೆಂದರೆ

ಸಮಸ್ಯೆ: ಸಾಗರದಲ್ಲಿ ನಮ್ಮದು ಹಳೆಯ ಜಂಬಿಟ್ಟಿಗೆ ಮನೆ. ಯಜಮಾನರಿಗೆ 73, ನನಗೆ 67. ಅವರಿಗೆ ಮಂಡಿನೋವು. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲ ಕಡೆ, ಎರಡು ಮೆಟ್ಟಿಲು ಇಳಿದು ಹೋಗಬೇಕು. ಪುಣೆಯಲ್ಲಿರುವ ಮಗ ಮನೆ ಮಾರಿ ಬನ್ನಿ ಎನ್ನುತ್ತಾನೆ. ನಮಗೆ ಮನಸ್ಸಿಲ್ಲ. ಉಳಿತಾಯ 45 ಲಕ್ಷ, ಎಲ್ಲ ಅವರೊಬ್ಬರ ಹೆಸರಿನಲ್ಲಿ, ಹೆಚ್ಚಿನದು ಒಂದೇ ಸೌಹಾರ್ದ ಸಹಕಾರಿಯಲ್ಲಿ. ಮನೆಯನ್ನು ಈಗಲೇ ಮಗನಿಗೆ ದಾನಪತ್ರ ಮಾಡಿಕೊಡಿ ಎಂದು ನೆಂಟರ ಸಲಹೆ. ಎಲ್ಲಿಂದ ಶುರು ಮಾಡಲಿ?

---

ಬಚ್ಚಲಿನಿಂದ ಶುರು ಮಾಡಿ. ಬಣ್ಣ, ಅಡುಗೆಮನೆಯ ಕಪಾಟು ಎಲ್ಲ ಆಮೇಲಿನ ಮಾತು.

ಎರಡು ಮೆಟ್ಟಿಲಿಗೆ ರ್‍ಯಾಂಪ್ ಮಾಡಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಮೆಟ್ಟಿಲು ತಲಾ 7 ಇಂಚು ಎಂದರೂ 14 ಇಂಚು ಎತ್ತರ. ಒಂದು ಇಂಚಿಗೆ ಒಂದು ಅಡಿ ಉದ್ದ ಬೇಕು, ಅಂದರೆ 14 ಅಡಿ. ಅಷ್ಟು ಜಾಗವಿಲ್ಲದೆ ಕಡಿದಾಗಿ ಕಟ್ಟಿದ ರ್‍ಯಾಂಪ್ ಮಳೆಗಾಲದಲ್ಲಿ ಮೆಟ್ಟಿಲಿಗಿಂತ ಅಪಾಯ. ಅದರ ಬದಲು ಮಲಗುವ ಕೋಣೆಗೆ ಅಂಟಿದಂತೆ 5 ಅಡಿ ಅಗಲ, 7 ಅಡಿ ಉದ್ದದ ಹೊಸ ಬಚ್ಚಲು ಮಾಡಿಸಿ. ಒಳಗಿನ ನೆಲ ಹಿತ್ತಲಿಗಿಂತ ಎತ್ತರದಲ್ಲಿರುವುದು ಇಲ್ಲಿ ಅನುಕೂಲ. 4 ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಸಾಕು. ಗುಂಡಿ 20 ಅಡಿ ದೂರವಿದ್ದರೆ 6 ಇಂಚು.

ಹಳೆಯ ಪಾಯಿಖಾನೆಗೇ ಕಮೋಡ್ ಕೂರಿಸುವುದಾದರೆ ನೆಲದಡಿಯ ಹಳೆಯ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪು) ತೆಗೆಸಲೇಬೇಕು. ಕೂಲಿ ಉಳಿಸಲು ಪ್ಲಂಬರ್ ಅದನ್ನು ಅಲ್ಲೇ ಬಿಡುತ್ತಾರೆ. ಕಮೋಡಿನೊಳಗೆ ಒಂದು ಟ್ರ್ಯಾಪ್ ಇರುವುದರಿಂದ ಎರಡಾಗಿ, ಫ್ಲಶ್ ಮಾಡಿದಾಗಲೆಲ್ಲ ಕಟ್ಟಿಕೊಳ್ಳುತ್ತದೆ.

ಕಮೋಡಿನ ಎತ್ತರ 17–18 ಇಂಚು ಸಾಕು. ಅಂಗಡಿಯಲ್ಲಿ ಕೂತು ನೋಡಿ; ಇಬ್ಬರ ಪಾದವೂ ಪೂರ್ತಿ ನೆಲಕ್ಕೆ ತಾಗಬೇಕು.

ಹಿಡಿಕೆಯ ಸರಳು (ಗ್ರ್ಯಾಬ್ ಬಾರ್) 304 ದರ್ಜೆಯ ಸ್ಟೀಲಿನದಿರಲಿ. ದಪ್ಪ 32–38 ಮಿ.ಮೀ., ಗೋಡೆಗೂ ಸರಳಿಗೂ ನಡುವೆ ಸುಮಾರು 40 ಮಿ.ಮೀ. ಜಾಗ. ಯಜಮಾನರನ್ನು ಕೂರಿಸಿ, ಅವರ ಕೈ ಸಹಜವಾಗಿ ಹೋಗುವ ಕಡೆ ಪೆನ್ಸಿಲ್ ಗುರುತು ಮಾಡಿ. ಸಾಮಾನ್ಯವಾಗಿ ಸೀಟಿನಿಂದ 8–10 ಇಂಚು ಮೇಲೆ ಬರುತ್ತದೆ. ನಿಮ್ಮ ಮನೆಯ ನಿಜವಾದ ತೊಡಕು ಜಂಬಿಟ್ಟಿಗೆ. ಅದು ತೂತುತೂತಾದ ಕಲ್ಲು, ಪ್ಲಾಸ್ಟಿಕ್ ಪ್ಲಗ್ ಕೆಲವೇ ತಿಂಗಳಲ್ಲಿ ಸಡಿಲ. ಜಾಲರಿ ತೋಳು ಇರುವ ಕೆಮಿಕಲ್ ಆಂಕರ್ (ತೂತಿನೊಳಗೆ ಅಂಟು ತುಂಬಿ ಬೋಲ್ಟ್ ಕೂರಿಸುವುದು) ಹಾಕಿಸಿ. ಕೊರೆದ ತೂತಿನ ಪುಡಿಯನ್ನು ಬ್ರಷ್ ಹಾಕಿ, ಊದಿ ತೆಗೆಯದಿದ್ದರೆ ಅಂಟು ಕಲ್ಲನ್ನು ಹಿಡಿಯದೆ ಪುಡಿಯನ್ನೇ ಹಿಡಿಯುತ್ತದೆ. ಗೋಡೆ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾದರೆ ಅದೂ ಬೇಡ, ನೆಲಕ್ಕೆ ಬೋಲ್ಟ್ ಮಾಡುವ ಸರಳು ತನ್ನಿ. ಗಾಳಿ ಎಳೆದು ಅಂಟುವ ಹಿಡಿಕೆಗಳು ಟವೆಲ್ ನೇತುಹಾಕಲಷ್ಟೇ ಯೋಗ್ಯ.

ಬಾಗಿಲು ಹೊರಕ್ಕೆ ತೆರೆಯಲಿ, 32 ಇಂಚು ಜಾಗ ಬಿಡಲಿ. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗದು. ಒಳಚಿಲಕ ಬೇಡ, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯುವ ಬೀಗ ಸಿಗುತ್ತದೆ. ನೆಲಕ್ಕೆ ಒರಟು ಟೈಲ್ಸ್, ಸ್ನಾನಕ್ಕೆ ಮಣೆಯ ಬದಲು ರಬ್ಬರ್ ಕಾಲಿನ ಸ್ಟೂಲ್. ಎಣ್ಣೆಸ್ನಾನ ಬಿಡಿ ಎಂದರೆ ನೀವು ಕೇಳುವುದಿಲ್ಲ. ಎಣ್ಣೆಯನ್ನು ಕೋಣೆಯಲ್ಲೇ ಹಚ್ಚಿ, ಅಂಗಾಲು ಒರೆಸಿಕೊಂಡು ಬಚ್ಚಲಿಗೆ ಹೋಗಿ. ಮಿಂದ ಮೇಲೆ ನೆಲಕ್ಕೆ ಸೀಗೆಪುಡಿ ಹಾಕಿ ಉಜ್ಜಿಸಿ.

— ನಿವೃತ್ತ ಸಿವಿಲ್ ಎಂಜಿನಿಯರ್, ಶಿವಮೊಗ್ಗ

---

ಅಮ್ಮಾ, ಬಚ್ಚಲಿಗಿಂತ ನಿಮ್ಮ ಠೇವಣಿ ನೋಡಿಯೇ ನನಗೆ ಗಾಬರಿ. ಬ್ಯಾಂಕಾದರೆ ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸೌಹಾರ್ದ ಪತ್ತಿನ ಸಹಕಾರಿಗಳಿಗೆ ಅದೂ ಇಲ್ಲ. ಅರ್ಧ, ಒಂದು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಈ ವಯಸ್ಸಿನಲ್ಲಿ ಇಷ್ಟು ಧೈರ್ಯ ಬೇಕಿಲ್ಲ. ಅವಧಿ ಮುಗಿದಂತೆಲ್ಲ ತೆಗೆಯಿರಿ, ನವೀಕರಿಸಬೇಡಿ.

ಅಂಚೆ ಕಚೇರಿ ಅಥವಾ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ತೆರೆಯಿರಿ. ಒಬ್ಬರಿಗೆ 30 ಲಕ್ಷದ ಮಿತಿ, ಐದು ವರ್ಷದ ಅವಧಿ, ದರ 8.2%. ಹೊಸ ಖಾತೆಗಳ ದರ ಬದಲಾಗಬಹುದು, ಆದರೆ ತೆರೆದ ದಿನದ ದರ ಐದು ವರ್ಷವೂ ನಿಮಗೆ ಖಾಯಂ. ಇಬ್ಬರ ಹೆಸರಿನಲ್ಲಿ 15–15 ಲಕ್ಷ ಹಾಕಿದರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬಿತ್ತು. ನಿಮ್ಮ ಹೆಸರಿನಲ್ಲಿ ಹಾಕಿದರೂ ಹಣ ಅವರದಾದ್ದರಿಂದ ಆ ಬಡ್ಡಿ ತೆರಿಗೆಗೆ ಅವರ ಆದಾಯದಲ್ಲೇ ಸೇರುತ್ತದೆ. ಆದರೂ ನಿಮ್ಮದೇ ಹೆಸರಿನ ಖಾತೆ ಒಂದಿರಬೇಕು. ತೆರಿಗೆ ಬರದಿದ್ದರೆ ಪ್ರತಿ ಏಪ್ರಿಲ್‌ನಲ್ಲಿ ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂಬ ಘೋಷಣೆಯ ಫಾರಂ (15ಎಚ್ ಎಂದೇ ಪರಿಚಿತ) ಕೊಡಿ.

ಮನೆ ಕೆಲಸಕ್ಕೆ 5 ಲಕ್ಷ ತೆಗೆದಿಟ್ಟು, ಉಳಿದ 10 ಲಕ್ಷವನ್ನು ಎರಡು ಬ್ಯಾಂಕುಗಳಲ್ಲಿ ಆಸ್ಪತ್ರೆ ಖರ್ಚಿಗೆಂದು ಎಫ್‌ಡಿ ಮಾಡಿ. ಇಬ್ಬರ ಹೆಸರು, ‘ಈದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಒಬ್ಬರು ಹೋದರೆ ಉಳಿದವರು ಹಣ ಪಡೆಯುವ ವ್ಯವಸ್ಥೆ). ಇಲ್ಲೊಂದು ತಿರುವಿದೆ. ಒಬ್ಬರು ತೀರಿಕೊಂಡ ಮೇಲೆ ಅವಧಿಗೆ ಮುಂಚೆ ಎಫ್‌ಡಿ ಮುರಿಯಲು ಉಳಿದವರ ಸಹಿಯೊಂದೇ ಸಾಲದು, ವಾರಸುದಾರರ ಒಪ್ಪಿಗೆಯನ್ನೂ ಕೇಳುತ್ತಾರೆ. ‘ಉಳಿದವರು ಅವಧಿಗೆ ಮುಂಚೆ ಹಿಂಪಡೆಯಬಹುದು’ ಎಂದು ಠೇವಣಿ ಇಡುವಾಗಲೇ ಇಬ್ಬರೂ ಬರೆದುಕೊಟ್ಟಿದ್ದರೆ ಈ ತಾಪತ್ರಯವಿಲ್ಲ. ಕೌಂಟರಿನಲ್ಲಿ ಇದನ್ನು ಅವರಾಗಿ ಹೇಳುವುದು ಅಪರೂಪ, ನೀವೇ ಕೇಳಿ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

---

ದಾನಪತ್ರ ಬೇಡ. ನೋಂದಣಿಯಾದ ದಿನವೇ ಮನೆ ಮಗನದು. ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ, ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸುವ 23ನೇ ಕಲಂ ಇದೆಯಲ್ಲ ಎನ್ನುತ್ತಾರೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಷರತ್ತು ಪತ್ರದಲ್ಲಿಲ್ಲದಿದ್ದರೆ ವರ್ಷಗಟ್ಟಲೆ ವಾದ.

ಯಜಮಾನರು ವಿಲ್ ಬರೆಯಲಿ. ಸ್ಟಾಂಪ್ ಡ್ಯೂಟಿ ಇಲ್ಲ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆಸ್ತಿ ಪಡೆಯುವವರಲ್ಲದ ಇಬ್ಬರು ಸಾಕ್ಷಿಗಳು ಸಾಕು, ನಿಮಗಿಂತ ಕಿರಿಯರಾದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಭದ್ರ. ಮೊದಲು ನಿಮಗೆ, ನಿಮ್ಮ ನಂತರ ಮಗನಿಗೆ ಎಂದಿರಲಿ. ಮನೆ ಪಿತ್ರಾರ್ಜಿತವಾದರೆ ಯಜಮಾನರು ತಮ್ಮ ಪಾಲಿಗೆ ಮಾತ್ರ ಬರೆಯಬಹುದು, ಅದನ್ನು ದಾಖಲೆಯಲ್ಲಿ ಮೊದಲು ನೋಡಿಸಿ. ಮಗನಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟರೆ ಸಾಕೆಂದುಕೊಳ್ಳಬೇಡಿ. ಕೊಟ್ಟವರಿಗೆ ಮರೆವಿನ ರೋಗ ಬಂದು ಬುದ್ಧಿ ಸ್ಥಿಮಿತ ತಪ್ಪಿದರೆ ಅದು ನಿಲ್ಲುವುದಿಲ್ಲ. ಬ್ಯಾಂಕಿನ ನಾಮಿನಿಯೂ ಹಣದ ಒಡೆಯನಲ್ಲ, ಪಡೆದು ವಾರಸುದಾರರಿಗೆ ಮುಟ್ಟಿಸುವವನು.

— ವಕೀಲೆ, ಮೈಸೂರು

---

ಮಲೆನಾಡಿನ ಮಳೆಯನ್ನು ಮರೆಯಬೇಡಿ. ಜೂನ್‌ಗೆ ಮುಂಚೆ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಿಂದ ಉಜ್ಜಿಸಿ. ಓಡಾಡುವ ದಾರಿಗೆ ಅಡಿಕೆ ದಬ್ಬೆ ಬೇಡ, ಒರಟು ಚಪ್ಪಡಿ ಹಾಸಿ. ಹಾಸಿಗೆಯಿಂದ ಬಚ್ಚಲಿನವರೆಗೆ ಇನ್ವರ್ಟರ್ ಲೈನಿನಲ್ಲಿ ಸಣ್ಣ ಎಲ್‌ಇಡಿ ಹಾಕಿಸಿ. ರಾತ್ರಿ ಕರೆಂಟ್ ಹೋದಾಗ ಟಾರ್ಚ್ ಹುಡುಕುತ್ತ ಎದ್ದರೇ ಬೀಳುವುದು. ಗೀಸರ್ ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಟ್ಯಾಂಕ್ ತುಂಬಿತೇ ಎಂದು ಏಣಿ ಹತ್ತುವುದನ್ನು ಇಂದೇ ನಿಲ್ಲಿಸಿ, ಮೋಟಾರಿಗೆ ತಾನೇ ಆಫ್ ಆಗುವ ಕಂಟ್ರೋಲರ್ ಹಾಕಿಸಿ.

ಮಗನ ಮಾತನ್ನು ಪೂರಾ ತಳ್ಳಿಹಾಕುವುದೂ ಬೇಡ. ಮನೆ ಮಾರದೆ, ಜುಲೈ–ಆಗಸ್ಟ್ ಎರಡು ತಿಂಗಳು ಅವನಲ್ಲಿಗೆ ಹೋಗಿ ಬನ್ನಿ.

— ಎಲೆಕ್ಟ್ರಿಕಲ್ ಗುತ್ತಿಗೆದಾರರು, ತೀರ್ಥಹಳ್ಳಿ