ರೆಟ್ ಮೇಲೆ ನಿಂತರೆ ಕರೆದ ಫಂಕ್ಷನ್ನೇ ಮಾಯ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಂಡ್ಯ, ಇಂಜಿನಿಯರಿಂಗ್ ಕೊನೇ ವರ್ಷ

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್‌ಗೆ ಅಂತ ಲಿನಕ್ಸ್‌ನಲ್ಲಿ ಪಿಟ್ರೇಸ್ (ಒಂದು ಪ್ರೋಗ್ರಾಂ ಇನ್ನೊಂದನ್ನು ನಿಲ್ಲಿಸಿ ಒಳಗೆ ನೋಡಲು ಬಿಡುವ ಸಿಸ್ಟಮ್ ಕಾಲ್) ಬಳಸಿ ಒಂದು ಪುಟ್ಟ ಡೀಬಗರ್, ಅಂದರೆ ಓಡುವ ಪ್ರೋಗ್ರಾಂ ನಿಲ್ಲಿಸಿ ತಪ್ಪು ಹುಡುಕುವ ಸಾಧನ ಬರೆಯುತ್ತಿದ್ದೇನೆ. 64 ಬಿಟ್ ಇಂಟೆಲ್ ಮಷೀನ್. ಬ್ಯಾಕ್‌ಟ್ರೇಸ್‌ಗೆ (ಯಾರು ಯಾರನ್ನು ಕರೆದರು ಅನ್ನುವ ಪಟ್ಟಿಗೆ) ಆರ್‌ಬಿಪಿ ರಿಜಿಸ್ಟರ್ ಹಿಡಿದುಕೊಂಡು ಒಂದೊಂದೇ ಫ್ರೇಮ್ (ಸ್ಟ್ಯಾಕ್‌ನಲ್ಲಿ ಒಂದೊಂದು ಫಂಕ್ಷನ್‌ನ ಜಾಗ) ಹತ್ತುತ್ತೇನೆ; ಈಗಿನ ಫ್ರೇಮ್ ಎಲ್ಲಿದೆ ಅಂತ ಆರ್‌ಬಿಪಿ ಹೇಳುತ್ತದೆ. ‘ಮೇನ್’ ಕರೆಯುವುದು ‘ಲೆಕ್ಕ’ವನ್ನು, ‘ಲೆಕ್ಕ’ ಕರೆಯುವುದು ‘ಕೂಡು’ವನ್ನು. ‘ಕೂಡು’ ನಡುವೆ ನಿಲ್ಲಿಸಿದರೆ ಮೂರೂ ಕಾಣುತ್ತವೆ. ಅದರ ಕೊನೆಯ ರೆಟ್ (ಕರೆದವರ ಬಳಿಗೆ ವಾಪಸ್ ಹೋಗುವ ಇನ್‌ಸ್ಟ್ರಕ್ಷನ್) ಮೇಲೆ ನಿಲ್ಲಿಸಿದರೆ ‘ಕೂಡು’ ಇದೆ, ‘ಮೇನ್’ ಇದೆ, ನಡುವಿನ ‘ಲೆಕ್ಕ’ ಇಲ್ಲ. ಅಲ್ಲಿ ಫಿನಿಷ್ (ಈ ಫಂಕ್ಷನ್ ಮುಗಿಸಿ ಕರೆದವರಲ್ಲಿ ನಿಲ್ಲು ಅನ್ನುವ ಆದೇಶ) ಕೊಟ್ಟರೆ ‘ಲೆಕ್ಕ’ದೊಳಗೆ ನಿಲ್ಲದೆ ನೇರ ‘ಮೇನ್’ಗೆ ಹೋಗಿ ನಿಲ್ಲುತ್ತದೆ. ಎರಡು ವಾರದಲ್ಲಿ ಡೆಮೊ. ಏನು ಮಾಡಲಿ?

ಮೈಸೂರು, ವಿಜಯನಗರ

ಇದರಲ್ಲಿ ಬೀಳದೆ ಡೀಬಗರ್ ಬರೆದವರನ್ನು ನಾನು ಕಂಡಿಲ್ಲ, ಹೆದರಬೇಡಿ.

ಬಾಡಿಗೆ ಮನೆ ಖಾಲಿ ಮಾಡುವ ದಿನ ನೆನೆಸಿಕೊಳ್ಳಿ. ಸಾಮಾನೆಲ್ಲ ಲಾರಿಗೆ ಹೋಯಿತು, ಬೀಗದ ಕೈ ಓನರ್ ಹತ್ತಿರ ಹೋಯಿತು, ನೀವು ಇನ್ನೂ ಹೊಸ್ತಿಲ ಮೇಲೆ ನಿಂತಿದ್ದೀರಿ. ರೆಟ್ ಮೇಲೆ ನಿಂತ ಫಂಕ್ಷನ್ ಸ್ಥಿತಿ ಅದೇ. ರೆಟ್‌ಗೆ ಮುಂಚೆ ಪಾಪ್ ಆರ್‌ಬಿಪಿ ಅಥವಾ ಲೀವ್ ನಡೆದಿರುತ್ತದೆ, ಇವು ಕರೆದವರ ಆರ್‌ಬಿಪಿಯನ್ನು ಸ್ಟ್ಯಾಕ್‌ನಿಂದ ವಾಪಸ್ ತರುತ್ತವೆ. ಅಂದರೆ ಆರ್‌ಬಿಪಿ ಆಗಲೇ ‘ಲೆಕ್ಕ’ದ್ದಾಗಿದೆ. ನೀವು ಅದನ್ನು ‘ಕೂಡು’ವಿನದ್ದು ಅಂದುಕೊಂಡು ಅದರ ಮೇಲಿನ 8 ಬೈಟ್ ಓದುತ್ತೀರಿ. ಸಿಗುವುದು ‘ಲೆಕ್ಕ’ ವಾಪಸ್ ಹೋಗಬೇಕಾದ ಅಡ್ರೆಸ್, ಅದು ‘ಮೇನ್’ ಒಳಗಿದೆ. ಒಂದು ಮೆಟ್ಟಿಲು ಹಾರಿದಿರಿ, ಅಷ್ಟೇ.

ಆ ಕ್ಷಣದಲ್ಲಿ ನಿಜವಾದ ರಿಟರ್ನ್ ಅಡ್ರೆಸ್ ಆರ್‌ಎಸ್‌ಪಿ (ಸ್ಟ್ಯಾಕ್‌ನ ತುದಿ ಹೇಳುವ ರಿಜಿಸ್ಟರ್) ತೋರಿಸುವ ಜಾಗದಲ್ಲೇ ಕೂತಿದೆ. ನಿಂತ ಜಾಗದ ಬೈಟ್ ಹೆಕ್ಸ್‌ನಲ್ಲಿ ಸಿ3 ಇದ್ದರೆ ಅದು ರೆಟ್. ಆಗ ಆರ್‌ಬಿಪಿ ಬಿಟ್ಟು ಆರ್‌ಎಸ್‌ಪಿಯಿಂದ ಓದಿ. ಹತ್ತು ಸಾಲಿನ ಕೆಲಸ. ಫಂಕ್ಷನ್ ಶುರುವಿನಲ್ಲೂ ಇದೇ ಕಾಯಿಲೆ ಇದೆ, ಪುಶ್ ಆರ್‌ಬಿಪಿಗೆ ಮುಂಚೆ ನಿಲ್ಲಿಸಿ ನೋಡಿ.

ಮೈಸೂರು, ಕುವೆಂಪುನಗರ

ಮೇಲಿನವರು ಹೇಳಿದ್ದು ಡೆಮೊಗೆ ಸಾಕು. ಆದರೆ ಸಿ3 ಒಂದನ್ನೇ ನಂಬಿದರೆ ಕೆಡುತ್ತೀರಿ. ಹಳೆಯ ಜಿಸಿಸಿ ಕಂಪೈಲರ್ ಎಷ್ಟೋ ಕಡೆ ರೆಟ್‌ಗೆ ಮುಂಚೆ ಎಫ್3 ಅನ್ನುವ ಬೈಟ್ ಸೇರಿಸುತ್ತಿತ್ತು, ಎಎಮ್‌ಡಿ ಪ್ರೊಸೆಸರ್‌ಗಳ ಸಲುವಾಗಿ. ಆಗ ನಿಮಗೆ ಮೊದಲು ಸಿಗುವುದು ಎಫ್3. ಸಿ2 ಅಂತ ಇನ್ನೊಂದು ರೆಟ್ ಇದೆ. ಅದಿರಲಿ, ಓ2 (ಕೋಡ್ ವೇಗ ಮಾಡುವ ಆಯ್ಕೆ) ಹಾಕಿ ಕಂಪೈಲ್ ಮಾಡಿದರೆ ಸಾಮಾನ್ಯವಾಗಿ ಆರ್‌ಬಿಪಿ ಫ್ರೇಮ್‌ಗೆ ಬಳಕೆಯೇ ಆಗುವುದಿಲ್ಲ. ನಿಮ್ಮ ಸರಪಳಿ ಎಲ್ಲ ಕಡೆ ಕಿತ್ತುಹೋಗುತ್ತದೆ, ಕೊನೆಯಲ್ಲಿ ಮಾತ್ರ ಅಲ್ಲ.

ಸರಿಯಾದ ದಾರಿ ಕಂಪೈಲರ್ ಬರೆದಿಟ್ಟ ಟೇಬಲ್ ಓದುವುದು. ಬೈನರಿಯಲ್ಲಿ ಇಎಚ್-ಫ್ರೇಮ್ ಅನ್ನುವ ಭಾಗ ಇರುತ್ತದೆ. ಯಾವ ಅಡ್ರೆಸ್‌ನಲ್ಲಿ ನಿಂತರೆ ಫ್ರೇಮ್‌ನ ಬುಡ ಎಲ್ಲಿದೆ ಅಂತ ಅದು ಹೇಳುತ್ತದೆ. ಬೈನರಿ ಓದಿ ತೋರಿಸುವ ರೀಡೆಲ್ಫ್‌ಗೆ -ಡಬ್ಲ್ಯೂಎಫ್ ಕೊಡಿ, ಡಬ್ಲ್ಯೂ ಚಿಕ್ಕದು, ಎಫ್ ದೊಡ್ಡದು. ಸಾಲು ಸಾಲಾಗಿ ಕಾಣುತ್ತದೆ: ಫಂಕ್ಷನ್ ನಡುವೆ ಬುಡ ಆರ್‌ಬಿಪಿ+16, ಪಾಪ್ ಆದಮೇಲೆ ಆರ್‌ಎಸ್‌ಪಿ+8. ರಿಟರ್ನ್ ಅಡ್ರೆಸ್ ಬುಡಕ್ಕಿಂತ 8 ಬೈಟ್ ಕೆಳಗಿರುತ್ತದೆ, ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಆ ಕೊನೇ ಸಾಲಿನಲ್ಲೇ ಇದೆ.

ಟೇಬಲನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಕ್ಸೆಪ್ಶನ್ (ಓಡುವಾಗ ಎದ್ದ ದೋಷದ ಸೂಚನೆ) ಕರೆದವರಿಗೆ ತಲುಪಿಸಲು ಬೇಕಾದದ್ದು ಕಾಲ್ ನಡೆಯುವ ಜಾಗದ ಮಾಹಿತಿ ಮಾತ್ರ. ಡೀಬಗರ್‌ಗೆ ಪ್ರತಿ ಇನ್‌ಸ್ಟ್ರಕ್ಷನ್‌ನದ್ದೂ ಬೇಕು. 2010ರಲ್ಲಿ ಬಂದ ಜಿಸಿಸಿ 4.5ಕ್ಕಿಂತ ಹಿಂದಿನವು ಫಂಕ್ಷನ್ ಕೊನೆಯ ಭಾಗವನ್ನು ಬರೆಯುತ್ತಿರಲಿಲ್ಲ. ಅದಕ್ಕೇ ಜಿಡಿಬಿ (ಲಿನಕ್ಸ್‌ನ ಹೆಸರಾದ ಡೀಬಗರ್) ಯಾವ ಕಂಪೈಲರ್, ಯಾವ ವರ್ಷನ್ ಅಂತ ಮೊದಲು ನೋಡುತ್ತದೆ. ನಂಬಿಕೆ ಬಂದರೆ ಟೇಬಲ್, ಇಲ್ಲದಿದ್ದರೆ ಬೈಟ್ ನೋಡಿ ಊಹೆ.

ನಮ್ಮ ಕಥೆಯನ್ನೂ ಹೇಳಿಬಿಡುತ್ತೇನೆ. ಹಿಂದೆ ಕೆಲಸ ಮಾಡಿದ ಕಡೆ ಆಡಿಯೊ ಕೋಡ್ ಒಂದನ್ನು ಅಸೆಂಬ್ಲಿಯಲ್ಲಿ ಕೈಯಲ್ಲೇ ಬರೆದಿದ್ದೆವು. ಅದಕ್ಕೆ ಹೊರಹೋಗಲು ಎರಡು ಬಾಗಿಲು, ಒಂದು ನಡುವೆ, ಒಂದು ಕೊನೆಯಲ್ಲಿ. ನಡುವಿನ ಬಾಗಿಲಲ್ಲಿ ಪಾಪ್ ಆದಮೇಲೆ ‘ಬುಡ ಆರ್‌ಎಸ್‌ಪಿ+8’ ಅಂತ ಸಿಎಫ್‌ಐ ಸಾಲು (ಆ ಟೇಬಲ್‌ಗೆ ಹೋಗುವ ಸೂಚನೆ) ಸೇರಿಸಿದೆ. ಶಿಸ್ತಿನ ಹುಡುಗ ನಾನು! ಆದರೆ ಅದಕ್ಕೆ ಮುಂಚೆ ರಿಮೆಂಬರ್-ಸ್ಟೇಟ್ (ಈಗಿನ ಸ್ಥಿತಿ ನೆನಪಿಡು), ರೆಟ್ ಆದಮೇಲೆ ರಿಸ್ಟೋರ್-ಸ್ಟೇಟ್ (ಅದನ್ನೇ ವಾಪಸ್ ತಾ) ಹಾಕಲು ಮರೆತೆ. ಟೇಬಲ್‌ಗೆ ಜಿಗಿತ ಗೊತ್ತಿಲ್ಲ, ಅದು ಮೇಲಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ನಡುವಿನ ರೆಟ್ ಆಚೆಗಿನ ಕೋಡ್ ಪೂರ್ತಿ ‘ಖಾಲಿ ಮಾಡಿದ ಮನೆ’ ಅಂತ ದಾಖಲಾಯಿತು. ಬ್ಯಾಕ್‌ಟ್ರೇಸ್ ಬಾಗಿಲಲ್ಲಿ ಸರಿ, ಒಳಗೆ ತಪ್ಪು. ಮೂರು ದಿನ ಡೀಬಗರನ್ನು ಬೈದೆ.

ಮೈಸೂರು, ಗೋಕುಲಂ

ವಿಂಡೋಸ್ ಕಡೆಯಿಂದ ಒಂದು ಮಾತು. ಅಲ್ಲಿ 64 ಬಿಟ್ ಟೇಬಲ್‌ನ ಮೊದಲ ಆವೃತ್ತಿಯಲ್ಲಿ ಫಂಕ್ಷನ್ ಕೊನೆಯ ಬಗ್ಗೆ ಏನೂ ಬರೆದಿರುವುದಿಲ್ಲ. ಬದಲಿಗೆ ಒಂದು ಕಟ್ಟುಪಾಡು. ಕೊನೆಯಲ್ಲಿ ಆರ್‌ಎಸ್‌ಪಿ ಏರಿಸಬಹುದು, ಪಾಪ್‌ಗಳು ಬರಬಹುದು, ಆಮೇಲೆ ರೆಟ್ ಅಥವಾ ಆಚೆಗೆ ಜಿಗಿತ. ಬೇರೆ ಏನೂ ಬರಕೂಡದು. ನಿಂತ ಜಾಗದಿಂದ ಮುಂದಕ್ಕೆ ಓದುತ್ತಾ ಹೋದರೆ ಬರೀ ಇವೇ ಸಿಕ್ಕಿ ರೆಟ್ ಬಂದರೆ ನೀವು ಕೊನೆಯಲ್ಲಿದ್ದೀರಿ. ದಾರಿಯಲ್ಲಿ ಆರ್‌ಎಸ್‌ಪಿ ಏರಿಸಿದ್ದು ಸಿಕ್ಕರೆ ಅಷ್ಟನ್ನೂ, ಸಿಕ್ಕ ಪ್ರತಿ ಪಾಪ್‌ಗೂ 8 ಅನ್ನೂ ಕೂಡಿಸುತ್ತಾ ಹೋಗಿ, ರಿಟರ್ನ್ ಅಡ್ರೆಸ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಟೇಬಲ್ ಇಲ್ಲದ ಕೋಡ್‌ಗೆ ನೀವೂ ಇದನ್ನೇ ಬರೆದುಕೊಳ್ಳಿ. ಶುರುವಿನಿಂದ ಓದುವುದಕ್ಕಿಂತ ಇದು ಸುಲಭ, ಕೊನೆ ಯಾವಾಗಲೂ ನಾಲ್ಕು ಹೆಜ್ಜೆ ದೂರದಲ್ಲೇ ಇರುತ್ತದೆ ಅಲ್ವಾ.

ಪಾಪ್ ಆರ್12ರಿಂದ ಆರ್15ರವರೆಗೆ ಎರಡು ಬೈಟ್, ಮೊದಲ ಬೈಟ್ ಹೆಕ್ಸ್‌ನಲ್ಲಿ 41 ಇರುತ್ತದೆ. ಒಂದೇ ಬೈಟ್ ಅಂದುಕೊಂಡು ಒಂದು ಸಂಜೆ ಕಳೆದುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸಿ3 ಪರೀಕ್ಷೆ ಹಾಕಿದೆ. ಒಂದೊಂದೇ ಇನ್‌ಸ್ಟ್ರಕ್ಷನ್ ನಡೆಸಿಕೊಂಡು ರೆಟ್ ತಲುಪಿದರೆ ಮೂರೂ ಫಂಕ್ಷನ್ ಸರಿಯಾಗಿ ಬರುತ್ತವೆ! ಆದರೆ ರೆಟ್ ಮೇಲೆ ಬ್ರೇಕ್‌ಪಾಯಿಂಟ್ (ಇಲ್ಲಿ ನಿಲ್ಲು ಅನ್ನುವ ಗುರುತು) ಇಟ್ಟು ಓಡಿಸಿದರೆ ಮತ್ತೆ ‘ಲೆಕ್ಕ’ ಮಾಯ. ಒಂದೇ ಜಾಗ, ಎರಡು ಉತ್ತರ. ರಾತ್ರಿ ಎರಡು ಗಂಟೆ, ತಲೆ ಓಡುತ್ತಿಲ್ಲ.

ಮೈಸೂರು, ವಿಜಯನಗರ

ನಗು ಬಂತು, ಕ್ಷಮಿಸಿ. ಬ್ರೇಕ್‌ಪಾಯಿಂಟ್ ಇಟ್ಟವರು ಯಾರು? ನೀವೇ. ಹೇಗೆ ಇಟ್ಟಿರಿ? ಆ ಬೈಟ್ ತೆಗೆದು ಸಿಸಿ (ನಿಲ್ಲಿಸುವ ಇನ್‌ಸ್ಟ್ರಕ್ಷನ್) ಬರೆದಿರಿ. ಈಗ ಅದೇ ಜಾಗದಲ್ಲಿ ಸಿ3 ಇದೆಯಾ ಅಂತ ನೀವೇ ಹುಡುಕುತ್ತಿದ್ದೀರಿ. ಕೋಡ್ ಬೈಟ್ ಓದುವ ಕಡೆಯೆಲ್ಲ ಬ್ರೇಕ್‌ಪಾಯಿಂಟ್ ಪಟ್ಟಿ ನೋಡಿ, ಮೂಲ ಬೈಟ್ ವಾಪಸ್ ಇಟ್ಟುಕೊಂಡು ಓದಿ. ಸಿಸಿ ನಡೆದ ಮೇಲೆ ಆರ್‌ಐಪಿ (ಮುಂದೆ ನಡೆಯಬೇಕಾದ ಇನ್‌ಸ್ಟ್ರಕ್ಷನ್ ಎಲ್ಲಿದೆ ಅಂತ ಹೇಳುವ ರಿಜಿಸ್ಟರ್) ಒಂದು ಬೈಟ್ ಮುಂದೆ ಹೋಗಿರುತ್ತದೆ, ಅದನ್ನು ಹಿಂದಕ್ಕೆ ತಂದಿದ್ದೀರಾ ಅಂತಲೂ ನೋಡಿ. ಮೊದಲು ಮಲಗಿ.

ಮೈಸೂರು, ಕುವೆಂಪುನಗರ

ಇದೆಲ್ಲ ಕೈಯಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ‘ಕೂಡು’ವಿನ ಮೊದಲ ಇನ್‌ಸ್ಟ್ರಕ್ಷನ್‌ನಿಂದ ರೆಟ್‌ವರೆಗೆ ಒಂದೊಂದೇ ಹೆಜ್ಜೆ ನಡೆಸಿ. ಪ್ರತಿ ಹೆಜ್ಜೆಯಲ್ಲೂ ಎರಡೇ ಪ್ರಶ್ನೆ: ಕರೆದವರು ಅವರೇನಾ, ಫ್ರೇಮ್‌ನ ಬುಡ ಅದೇ ಅಡ್ರೆಸ್‌ನಾ? ಆರ್‌ಎಸ್‌ಪಿ ಎಷ್ಟೇ ಏರಿಳಿದರೂ ಆ ಎರಡು ಬದಲಾಗಕೂಡದು. ಜಿಡಿಬಿಯವರ ಪರೀಕ್ಷೆಗಳಲ್ಲೂ ಇಂಥದ್ದೊಂದು ಇದೆ. ಓ0 (ಕೋಡ್ ವೇಗ ಮಾಡದ ಆಯ್ಕೆ), ಓ2 ಎರಡರಲ್ಲೂ ನಡೆಸಿ.

ಪ್ರಶ್ನೆ ಕೇಳಿದವರು

ಬ್ರೇಕ್‌ಪಾಯಿಂಟ್ ವಿಷಯ ಅದೇ ಆಗಿತ್ತು, ಸರಿಹೋಯಿತು. ಇಎಚ್-ಫ್ರೇಮ್ ಓದುವುದನ್ನೂ ಅರ್ಧ ಬರೆದಿದ್ದೇನೆ, ಹೆಜ್ಜೆ ಹೆಜ್ಜೆ ಪರೀಕ್ಷೆ ಓ0ದಲ್ಲಿ ಪೂರ್ತಿ ಪಾಸ್. ಓ2ದಲ್ಲಿ ‘ಲೆಕ್ಕ’ ಮತ್ತೆ ಕಾಣುತ್ತಿಲ್ಲ. ಈ ಸಲ ‘ಕೂಡು’ವಿನ ಮೊದಲ ಹೆಜ್ಜೆಯಿಂದಲೇ ಇಲ್ಲ.

ಮೈಸೂರು, ಗೋಕುಲಂ

‘ಲೆಕ್ಕ’ದ ಕೊನೇ ಸಾಲು ‘ರಿಟರ್ನ್ ಕೂಡು’ ಅಂತ ಇದೆಯಾ? ಡಿಸ್‌ಅಸೆಂಬಲ್ ಮಾಡಿ ನೋಡಿ, ಅಲ್ಲಿ ಕಾಲ್ ಇರುವುದಿಲ್ಲ, ಜಂಪ್ ಇರುತ್ತದೆ. ‘ಲೆಕ್ಕ’ ತನ್ನ ಫ್ರೇಮ್ ಬಿಚ್ಚಿಯೇ ಜಿಗಿದಿದೆ. ಸ್ಟ್ಯಾಕ್‌ನಲ್ಲಿ ಅದರ ಗುರುತೇ ಇಲ್ಲ, ಎಲ್ಲಿಂದ ತೋರಿಸುತ್ತೀರಿ? ನಿಮ್ಮ ಡೀಬಗರ್ ಹೇಳುತ್ತಿರುವುದು ನಿಜವೇ. ಡೆಮೊಗೆ ಕಂಪೈಲ್ ಮಾಡುವಾಗ ‘ನೋ ಆಪ್ಟಿಮೈಸ್ ಸಿಬ್ಲಿಂಗ್ ಕಾಲ್ಸ್’ ಆಯ್ಕೆ ಹಾಕಿ, ಜಂಪ್ ಬದಲು ಕಾಲ್ ಬರುತ್ತದೆ. ಎಕ್ಸಾಮಿನರ್ ಕೇಳಿದರೆ ಆ ಜಂಪ್ ತೋರಿಸಿ, ಒಂದೆರಡು ಮಾರ್ಕ್ಸ್ ಜಾಸ್ತಿಯೇ ಬರಬಹುದು.