ಮಗನಿಗೆ ಉಪ್ಪುಮೂಟೆ ಬೇಕು, ನನಗೆ ಐದು ತಿಂಗಳು

ತುಮಕೂರಿನಿಂದ ಒಬ್ಬ ಅಮ್ಮನ ಪ್ರಶ್ನೆ:

ಮಗನಿಗೆ ಒಂದು ವರ್ಷ ಎಂಟು ತಿಂಗಳು. ನನಗೆ ಐದು ತುಂಬಿ ಆರರಲ್ಲಿದೆ. ಅವನದು ದಿನಕ್ಕೊಂದು ಹೊಸ ಆಟ. ಹಿಂದಕ್ಕೆ ನಡೆಯೋದು ಕಲಿತಿದ್ದಾನೆ, ಗೋಡೆಗೆ ಗುದ್ದಿಕೊಂಡು ತಾನೇ ನಗುತ್ತಾನೆ. ಬೊಂಬೆಗೆ ಅನ್ನ ತಿನ್ನಿಸಿ ಬಾಯಿ ಒರೆಸುತ್ತಾನೆ. ಮೊನ್ನೆ ಅಂಗಿಯೊಳಗೆ ಸಣ್ಣ ದಿಂಬು ತುರುಕಿಕೊಂಡು, ಸೊಂಟಕ್ಕೆ ಕೈಯಿಟ್ಟು, ಥೇಟ್ ನನ್ನ ಹಾಗೇ ‘ಅಮ್ಮಾ...’ ಅಂತ ಉಸಿರುಬಿಟ್ಟು ಸೋಫಾದ ಮೇಲೆ ಕೂತ. ನಕ್ಕು ನಕ್ಕು ಸಾಕಾಯ್ತು.

ಆದರೆ ಸಂಜೆಯಾದರೆ ಉಪ್ಪುಮೂಟೆ ಬೇಕೇ ಬೇಕು. ಬಂದು ಬೆನ್ನಿಗೆ ನೇತುಬೀಳುತ್ತಾನೆ. ಬೇಡ ಅಂದರೆ ನೆಲದ ಮೇಲೆ ಹೊರಳಾಟ. ರಾತ್ರಿ ಇನ್ನೂ ಎದೆಹಾಲು ಕುಡಿದೇ ಮಲಗೋದು. ‘ಬೇವಿನೆಣ್ಣೆ ಹಚ್ಚಿ ಬಿಡಿಸು, ಹೊಟ್ಟೆಯಲ್ಲಿರೋದಕ್ಕೆ ಆಗಲ್ಲ’ ಅಂತ ಅತ್ತೆ. ಎರಡನೆಯದರ ಹೊತ್ತಿಗೆ ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಮೈಸೂರಿನಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ:

ದಿಂಬಿನ ಆಟದ ವಿಡಿಯೋ ಮಾಡಿಟ್ಟುಕೊಳ್ಳಿ, ಮೊದಲು ಆ ಕೆಲಸ! ನನ್ನ ದೊಡ್ಡವಳು ಈ ವಯಸ್ಸಲ್ಲಿ ಏನೇನು ಮಾಡಿದಳೋ ಅರ್ಧ ನೆನಪೇ ಇಲ್ಲ. ಆಗ ನನಗೆ ವಾಂತಿ, ನಿದ್ದೆ, ಮತ್ತೆ ವಾಂತಿ.

ನನ್ನನ್ನು ಕಾಪಾಡಿದ್ದು ಮಲಗಿಕೊಂಡು ಆಡುವ ಆಟಗಳು. ಚಾಪೆ ಹಾಸಿ ಎಡಮಗ್ಗುಲಿಗೆ ಮಲಗುತ್ತಿದ್ದೆ. ನನ್ನ ಬೆನ್ನೇ ರೋಡು. ಅವಳು ಚನ್ನಪಟ್ಟಣದ ಮರದ ಕಾರನ್ನು ಭುಜದಿಂದ ಸೊಂಟದವರೆಗೆ ಓಡಿಸಬೇಕು. ಅವಳಿಗೆ ಆಟ, ನನಗೆ ಮಸಾಜು. ಸೊಂಟದ ಹತ್ತಿರ ‘ಸಿಗ್ನಲ್ ಬಿತ್ತು, ಇಲ್ಲೇ ನಿಲ್ಲಿಸು’ ಅಂದರೆ ಅಲ್ಲೇ ಒತ್ತಿಹಿಡಿಯುತ್ತಿದ್ದಳು. ಆಹಾ! ಆಮೇಲೆ ಡಾಕ್ಟರ್ ಆಟ. ನಾನು ಪೇಷಂಟು, ಕಣ್ಣು ಮುಚ್ಚಿ ಬಿದ್ದಿರಬೇಕು, ಅಷ್ಟೇ. ಕಣ್ಣಾಮುಚ್ಚಾಲೆಯಲ್ಲೂ ಅಷ್ಟೇ, ನಾನು ಯಾವಾಗಲೂ ಅದೇ ಮಂಚದ ಮೇಲೆ ಅದೇ ದುಪ್ಪಟಿಯೊಳಗೆ. ಅವಳಿಗೆ ಒಂದು ದಿನವೂ ಬೇಜಾರಾಗಲಿಲ್ಲ.

ಉಪ್ಪುಮೂಟೆ ನಿಲ್ಲಿಸಬೇಡಿ, ಹೊರುವವರನ್ನು ಬದಲಾಯಿಸಿ. ಬೊಂಬೆಯನ್ನು ಅವನ ಬೆನ್ನಿಗೇ ಹಾಕಿ. ಅವನೇ ‘ಉಪ್ಪು ಬೇಕಾ ಉಪ್ಪು’ ಅಂತ ಮನೆ ಸುತ್ತಲಿ. ನೀವು ಕೂತಲ್ಲೇ ಚೌಕಾಸಿ ಮಾಡಿ. ‘ಜಾಸ್ತಿ ಆಯ್ತು, ಕಮ್ಮಿ ಮಾಡ್ಕೊಳ್ಳಿ’ ಅಂದರೆ ಇನ್ನೊಂದು ಸುತ್ತು ಹೋಗಿ ಬರುತ್ತಾನೆ.

ಹಾಸನ ಜಿಲ್ಲೆಯಿಂದ, ನಿವೃತ್ತ ಸ್ಟಾಫ್ ನರ್ಸ್:

ಬೇವಿನೆಣ್ಣೆ ಯಾಕಮ್ಮ? ಗರ್ಭ ಆರೋಗ್ಯವಾಗಿದ್ದರೆ ದೊಡ್ಡದಕ್ಕೆ ಹಾಲು ಕೊಡೋದರಿಂದ ಒಳಗಿನದಕ್ಕೆ ತೊಂದರೆಯಿಲ್ಲ. ಆದರೆ ರಕ್ತ ಕಾಣಿಸಿಕೊಂಡಿದ್ದರೆ, ಹೊಟ್ಟೆ ಗಟ್ಟಿಯಾಗಿ ನೋವು ಬರುತ್ತಿದ್ದರೆ, ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಸಬೇಡಿ. ನಾಲ್ಕೈದು ತಿಂಗಳಾದ ಮೇಲೆ ಹಾಲು ಕಮ್ಮಿಯಾಗುತ್ತದೆ, ರುಚಿಯೂ ಬದಲಾಗುತ್ತದೆ. ಎಷ್ಟೋ ಮಕ್ಕಳು ತಾವೇ ಬಿಟ್ಟುಬಿಡುತ್ತವೆ.

ನನಗೆ ಚಿಂತೆ ನಿಮ್ಮ ಮಗನ ತಟ್ಟೆಯದು. ಕ್ವಾಶಿಯೋರ್ಕರ್ ಅಂತ ಒಂದು ಅಪೌಷ್ಟಿಕತೆಯ ಕಾಯಿಲೆ ಇದೆ, ಮೈ ಊದಿಕೊಳ್ಳುತ್ತದೆ. ಈಗ ಘಾನಾ ಅನ್ನುವ ದೇಶದ ಗಾ ಭಾಷೆಯ ಹೆಸರು ಅದು. ಹೊಸ ಮಗು ಬಂದಾಗ ದೊಡ್ಡ ಮಗುವಿಗೆ ಬರುವ ಕಾಯಿಲೆ ಅಂತ ಅರ್ಥ. ಸಿಸಿಲಿ ವಿಲಿಯಮ್ಸ್ ಅನ್ನುವ ಡಾಕ್ಟರಮ್ಮ ಅಲ್ಲಿನ ತಾಯಂದಿರ ಬಾಯಿಂದ ಕೇಳಿ 1935ರಲ್ಲಿ ಆ ಹೆಸರನ್ನೇ ಬರೆದರು. ನಿಮ್ಮ ಮನೆಗೆ ಅದು ಬರುತ್ತದೆ ಅಂತಲ್ಲ. ಎದೆಹಾಲು ಕಮ್ಮಿಯಾದ ಕಡೆ ಮೊಟ್ಟೆ, ಬೇಳೆ, ಮೊಸರು, ತುಪ್ಪ ಬೀಳಬೇಕು ಅಂತ ಹೇಳಿದೆ. ಬರೀ ಬಿಸ್ಕತ್ತಿನಲ್ಲಿ ಸಾಗಹಾಕಬೇಡಿ.

ಮೈಸೂರಿನವರು ಡಾಕ್ಟರ್ ಆಟ ಅಂದರಲ್ಲ, ಅದಕ್ಕೊಂದು ಮಾತು. ನೀವು ನುಂಗುವ ಕಬ್ಬಿಣದ ಮಾತ್ರೆ ಅವನ ಕೈಗೆ ಸಿಗಲೇಬಾರದು. ನಮಗೆ ಅದು ಟಾನಿಕ್, ಆ ವಯಸ್ಸಿನ ಮಗುವಿಗೆ ನಾಲ್ಕಾರು ಮಾತ್ರೆಯೂ ವಿಷ. ಈಗ ನಿಮ್ಮದೆಲ್ಲ ಅಣಕ ಮಾಡುತ್ತಿದ್ದಾನೆ, ಮಾತ್ರೆ ನುಂಗೋದನ್ನೂ ಮಾಡುತ್ತಾನೆ. ಬೀರುವಿನ ಮೇಲಿಡಿ, ಅವನ ಎದುರು ನುಂಗಬೇಡಿ.

ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗಿನ ಲಸಿಕೆ, ಅಂದರೆ ದಡಾರ-ರುಬೆಲ್ಲಾ ಎರಡನೇ ಡೋಸು, ಡಿಪಿಟಿ ಬೂಸ್ಟರು, ಆಗಿದೆಯಾ ಅಂತ ತಾಯಿ ಕಾರ್ಡ್ ನೋಡಿ. ಬಾಣಂತನದ ಗಲಾಟೆಯಲ್ಲಿ ಮರೆತುಹೋಗೋದು ಇದೇ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಹೋದಾಗ ಇದನ್ನೂ ಕೇಳಿಕೊಂಡು ಬನ್ನಿ.

ಧಾರವಾಡದಿಂದ:

ನಿಮ್ಮ ಮಗ ಬಗ್ಗಿ ಕಾಲಸಂದಿಯಿಂದ ಹಿಂದಕ್ಕೆ ನೋಡಿದ್ದನಾ? ಹಾಗೆ ನೋಡಿದರೆ ಬೆನ್ನಿಗೊಂದು ಬರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನನ್ನ ಮಗ ನೋಡಿದ್ದ, ಬಂತು! (ಆ ವಯಸ್ಸಲ್ಲಿ ಎಲ್ಲ ಮಕ್ಕಳೂ ಹಾಗೆ ಬಗ್ಗುತ್ತವೆ ಬಿಡಿ.)

ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡನೇ ಬಸುರಿನ ಎಂಟನೇ ತಿಂಗಳಲ್ಲಿ ಮಗನಿಗೆ ಎದೆಹಾಲು ಬಿಡಿಸಿದೆ, ಬೇರೆ ಹಾಸಿಗೆಗೆ ಹಾಕಿದೆ, ಪ್ಲೇಹೋಮಿಗೂ ಸೇರಿಸಿದೆ. ಮೂರೂ ಒಂದೇ ತಿಂಗಳಲ್ಲಿ. ‘ಪಾಪು ಬಂದರೆ ನಿನ್ನ ಜೊತೆ ಆಡುತ್ತೆ’ ಅಂತ ಬೇರೆ ಆಸೆ ಹುಟ್ಟಿಸಿದ್ದೆ. ಬಂದ ಪಾಪು ನಿದ್ದೆ ಮಾಡೋದು, ಅಳೋದು ಬಿಟ್ಟರೆ ಏನೂ ಮಾಡಲಿಲ್ಲ. ಚೆಂಡು ತಂದು ಅದರ ಪಕ್ಕ ಇಟ್ಟು ಕಾದು ಕೂತಿದ್ದ, ಪಾಪ. ಆಮೇಲೆ ಒಂದು ವಾರ ನನ್ನ ಹತ್ತಿರ ಬರಲಿಲ್ಲ. ಈಗ ಅವನಿಗೆ ಒಂಬತ್ತು ವರ್ಷ. ಆ ಚೆಂಡು ನೆನಪಾದರೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತದೆ.

ಏನೇ ಬದಲಾವಣೆ ಇದ್ದರೂ ಈಗಲೇ ಶುರು ಮಾಡಿ, ಒಂದೊಂದಾಗಿ. ಚಡ್ಡಿ ಬಿಡಿಸಿ ಬಚ್ಚಲಿಗೆ ಕೂರಿಸುವ ಅಭ್ಯಾಸ ಮಾತ್ರ ಈಗ ಬೇಡವೇ ಬೇಡ.

ಬೆಂಗಳೂರಿನಿಂದ ಒಬ್ಬ ಅಪ್ಪ:

ರಾತ್ರಿ ಅವನನ್ನು ಯಜಮಾನರ ಪಕ್ಕ ಮಲಗಿಸಿ. ನಮ್ಮಲ್ಲಿ ಮೊದಲ ನಾಲ್ಕು ರಾತ್ರಿ ರಂಪ. ಐದನೇ ರಾತ್ರಿಯಿಂದ ಬಿಎಂಟಿಸಿ ಬಸ್ಸಿನ ಕಥೆ, ಪ್ರತಿ ಸ್ಟಾಪಿನ ಹೆಸರೂ ಹೇಳಬೇಕು. ಮೆಜೆಸ್ಟಿಕ್ ಬರುವಷ್ಟರಲ್ಲಿ ನಾನೇ ಮಲಗಿರುತ್ತಿದ್ದೆ. ಹೆಂಡತಿ ಆಸ್ಪತ್ರೆಯಲ್ಲಿದ್ದ ಮೂರು ರಾತ್ರಿ ಮಗ ಅಳಲಿಲ್ಲ. ವಾಪಸ್ ಬಂದಾಗ ಪಾಪು ನನ್ನ ಕೈಯಲ್ಲಿತ್ತು, ಅವಳು ಬರಿಗೈಯಲ್ಲಿ ಬಂದು ಕೂತು ಮೊದಲು ಇವನನ್ನು ತೊಡೆ ಮೇಲೆ ಹತ್ತಿಸಿಕೊಂಡಳು.

ತುಮಕೂರಿನ ಅಮ್ಮ, ಮೂರು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಲಸಿಕೆ ನಿಜಕ್ಕೂ ಬಾಕಿ ಇತ್ತು, ಹಾಕಿಸಿದೆವು. ಮಾತ್ರೆ ಬೀರುವಿನ ಮೇಲೆ ಹೋಯಿತು. ಡಾಕ್ಟರು ‘ಹಾಲು ಕೊಡಬಹುದು’ ಅಂದಿದ್ದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಅವನಿಗೆ ಮೊಟ್ಟೆ ಬೇಯಿಸಿ ಕೊಟ್ಟರು. ಈಗ ನಿದ್ದೆ ಅಪ್ಪನ ಜೊತೆ, ಬೆಳಗಿನ ಜಾವ ಒಂದು ಸಲ ನನ್ನ ಹತ್ತಿರ ಬರುತ್ತಾನೆ.

ಉಪ್ಪಿನ ವ್ಯಾಪಾರ ಜೋರಾಗಿದೆ. ಬೊಂಬೆಯನ್ನು ನನ್ನ ದುಪಟ್ಟಾದಲ್ಲಿ ಬೆನ್ನಿಗೆ ಕಟ್ಟಿಸಿಕೊಂಡು ‘ಉಪ್ಪೂ, ಉಪ್ಪೂ’ ಅಂತ ನಡುಮನೆಯಿಂದ ಅಡುಗೆಮನೆಗೆ ಓಡಾಡುತ್ತಾನೆ. ನಿನ್ನೆ ನನ್ನ ಮುಂದೆ ನಿಂತು, ಹೊಟ್ಟೆ ಮುಟ್ಟಿ, ‘ಅಮ್ಮ ಉಪ್ಪು’ ಅಂದ. ಅವನು ಎರಡು ಪದ ಸೇರಿಸಿ ಆಡಿದ ಮೊದಲ ಮಾತು ಅದು.