ಕೌಂಟರಿನಲ್ಲಿ ಅಪ್ಪನಿಗೆ "ಏಯ್ ಮುದುಕ" ಅಂದರು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕೇಳಿದವರು, ದಾವಣಗೆರೆ:
ಆದಾಯ ಪ್ರಮಾಣಪತ್ರಕ್ಕೆ ಕೊಟ್ಟ ಅರ್ಜಿ ಏನಾಯಿತು ಅಂತ ಕೇಳಲು ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಅವರಿಗೆ ಎಪ್ಪತ್ತೆರಡು ವರ್ಷ, ಕಿವಿ ಸ್ವಲ್ಪ ಮಂದ. ಕೇಳಿದ್ದನ್ನೇ ಮತ್ತೆ ಕೇಳಿದರು ಅಂತ ಕೌಂಟರಿನವರು "ಏಯ್ ಮುದುಕ, ಆಕಡೆ ನಿಲ್ಲು" ಅಂದರು. ಅಪ್ಪ ಸುಮ್ನೆ ಸರಿದು ನಿಂತರು. ನನಗೂ ಬಾಯಿ ಬರಲಿಲ್ಲ. ಮೂರು ದಿನದಿಂದ ಅದೇ ಕೊರೆಯುತ್ತಿದೆ. ಇಂಥದ್ದನ್ನು ಅನುಭವಿಸಿದವರು ಹೇಳಿ.

ನಿಟ್ಟುವಳ್ಳಿಯಿಂದ:
ನಮ್ಮ ಕಡೆ ಏಕವಚನ ಅಂದರೆ ಬೈಗುಳವೇನಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ "ಬಾರೋ ತಮ್ಮ, ತಗೋ" ಅಂದರೆ ಜೀವ ತಂಪಾಗುತ್ತದೆ. ಅದು ಹತ್ತಿರ ಕರೆಯುವ ದನಿ. ಕೌಂಟರಿನ "ಏಯ್" ಓಡಿಸುವ ದನಿ.

ನಮ್ಮ ಅವ್ವನಿಗೂ ಹೀಗೇ ಆಗಿತ್ತು. ನಾನು "ಯಾರಿಗೆ ಏಯ್ ಅಂತೀಯಾ?" ಅಂತ ಜೋರು ಮಾಡಿದೆ. ಸಾಲಿನವರೆಲ್ಲ ತಿರುಗಿ ನೋಡಿದರು. ಅವ್ವ ನನ್ನ ಅಂಗಿಯ ತೋಳು ಹಿಡಿದು ಜಗ್ಗುತ್ತಿದ್ದಳು, ಕೈ ನಡುಗುತ್ತಿತ್ತು. ಅವರ ಮಾತಿಗಿಂತ ನನ್ನ ಜಗಳಕ್ಕೇ ಅವಳು ಜಾಸ್ತಿ ಹೆದರಿದ್ದಳು. ಈಗ ದನಿ ಏರಿಸದೆ ಇಷ್ಟೇ ಹೇಳುತ್ತೇನೆ: "ಸರ್, ಇವರು ನಮ್ಮ ತಾಯಿ. ಕಿವಿ ಕೇಳಲ್ಲ, ನನಗೆ ಹೇಳಿ." ಎರಡು ಸಲ ಅವರೇ "ಕೂತ್ಕೊಳ್ಳಿ ಅಜ್ಜಿ" ಅಂದರು. ಒಂದು ಸಲ ಏನೂ ಬದಲಾಗಲಿಲ್ಲ. ನೀವು ಸುಮ್ಮನಿದ್ದದ್ದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಅಪ್ಪ ಮತ್ತೆ ಅಲೆಯಬೇಕಾದೀತು ಅನ್ನುವ ಭಯ ಯಾರಿಗಿರುವುದಿಲ್ಲ?

ಚಿತ್ರದುರ್ಗದಿಂದ:
ಕೌಂಟರಿನ ಒಳಗೆ ಕೂತು ನಿವೃತ್ತನಾದವನು ನಾನು. ಸರ್ವರ್ ಡೌನ್ ಆದ ದಿನ ಒಂದೇ ಮಾತು ಹೇಳಿ ಹೇಳಿ ಬಾಯಿ ಒಣಗುತ್ತದೆ, ನಿಜ. ಹಾಗಂತ ಹಿರಿಯರನ್ನು "ಮುದುಕ" ಅನ್ನಬಹುದಾ? ಖಂಡಿತ ತಪ್ಪು.

ಸಕಾಲ ಅಂದರೆ ಸರ್ಕಾರಿ ಸೇವೆ ಇಂತಿಷ್ಟು ದಿನದೊಳಗೆ ಸಿಗಬೇಕು ಅನ್ನುವ ವ್ಯವಸ್ಥೆ. ಅದರ ರಸೀದಿ ಇದೆಯಾ ನೋಡಿ, ಅದರಲ್ಲಿ ಜಿಎಸ್‌ಸಿ ನಂಬರ್, ಅಂದರೆ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ ಇರುತ್ತದೆ. 2011ರ ಸಕಾಲ ಕಾಯ್ದೆ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು. ಆದರೆ ಕೆಲಸ ಒಬ್ಬರ ಮರ್ಜಿಯ ಮೇಲೆ ನಿಂತಿಲ್ಲ ಅಂತ ಗೊತ್ತಿದ್ದರೆ ಮಾತಾಡಲು ಧೈರ್ಯ ಬರುತ್ತದೆ. ಬೈದದ್ದಕ್ಕೆ ಬೇರೆ ದೂರು ಕೊಡಿ. ತಾರೀಖು, ಹೊತ್ತು, ಕೌಂಟರ್ ನಂಬರ್, ಅಂದ ಮಾತು ಬರೆದು ಮೇಲಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಕೇಳಿದವರು:
ರಸೀದಿ ಅಪ್ಪನ ಜೇಬಿನಲ್ಲೇ ಇತ್ತು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಸೋಮವಾರ ಇಬ್ಬರೂ ಹೋಗುತ್ತೇವೆ.